ನೀನು ಬಂದದ್ದು ಕೆಳಗಿನ ಮನೆಗೆ ತಿಳಿಯಬಾರದು

ಏಳೆಕರೆ ಗುಡ್ಡವನ್ನು ಐದು ತುಂಡು ಮಾಡಿ
ನಕ್ಷೆ ಸುತ್ತಿಕೊಂಡು ಬಂದಿದ್ದ ಡೆಸ್ಮಂಡ್ ಪ್ರಾಟ್ಲಿ
ಕೈಪಾರಾ ಕೊಲ್ಲಿಯ ದಡದ ನಮ್ಮ ಸಣ್ಣ ಕಚೇರಿಗೆ,
ಬೂಟಿನ ಮಣ್ಣನ್ನು ಬಾಗಿಲ ಚಾಪೆಗೆ ಕೊಟ್ಟು.

ನಾನು ಕೇಳುವುದು ಎರಡೇ ಪ್ರಶ್ನೆ.
ನೀರು ಎಲ್ಲಿಂದ ಬರುತ್ತದೆ?
ಬಂದದ್ದು ಎಲ್ಲಿಗೆ ಹೋಗುತ್ತದೆ?
ನಿಯಮಾವಳಿಯಲ್ಲಿ ಮಿಕ್ಕಿದ್ದೆಲ್ಲ
ಪೈಪಿನ ದಪ್ಪ, ಮುಚ್ಚಳದ ತೂಕ, ರುಜು.

ಮೊದಲನೆಯದಕ್ಕೆ ಅವನಲ್ಲಿ ಉತ್ತರವಿತ್ತು.
ಊರ ಕೊಳಾಯಿ ಆ ಗುಡ್ಡ ಹತ್ತುವುದಿಲ್ಲ;
ಮನೆಗೆರಡು ತೊಟ್ಟಿ, ತಲಾ ಇಪ್ಪತ್ತೈದು ಸಾವಿರ ಲೀಟರು,
ತಗಡಿನ ಮಾಡಿಂದ ಇಳಿದದ್ದೇ ಕುಡಿಯಲಿಕ್ಕೆ.
ತಳದ ಹತ್ತು ಸಾವಿರ ಮುಟ್ಟುವಂತಿಲ್ಲ, ಅದು ಬೆಂಕಿಯ ಪಾಲು.
"ಬೆಂಕಿ ಬೀಳದೇ ಹೋದರೆ?" ಅಂದ.
ಬೀಳದಿರಲಿ. ಆದರೂ ಪಾಲು ಪಾಲೇ.
ಟೊಂಗಾದಲ್ಲಿ, ಇಗರ್ಜಿಯ ಪಕ್ಕದ ಸಿಮೆಂಟು ತೊಟ್ಟಿಯನ್ನು
ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳು ನನ್ನಮ್ಮ:
ಟಣ್ ಅಂದರೆ ಖಾಲಿ, ದಬ್ ಅಂದರೆ ಭಾನುವಾರದವರೆಗೆ ಸಾಕು.
ನಾನು ಕಂಡ ಮೊದಲ ಎಂಜಿನಿಯರು ಅವಳು.

ಎರಡನೆಯದಕ್ಕೆ ಪ್ರಾಟ್ಲಿ ಕೈ ಬೀಸಿದ: "ಕೆಳಗೆ."
ಎಲ್ಲರೂ ಹಾಗೇ ಅನ್ನುತ್ತಾರೆ.
ಕೆಳಗೆ ಅನ್ನುವುದು ಬಯಲಲ್ಲ ಮಾರಾಯ,
ಅಲ್ಲಿ ಮೆರಿಯಾನಾ ತೌತಾರಿಯ ಹಿತ್ತಿಲಿದೆ,
ಅವಳ ತೋಡಿನಲ್ಲಿ ನೀರುಸೊಪ್ಪು, ತೋಳುದ್ದದ ಹಾವುಮೀನು,
ಬ್ರೆಡ್ಡಿನ ಚೂರಿಗೆ ಮುಂಜಾನೆ ತಲೆಯೆತ್ತುವ ಒಂದು ಮುದಿ ಹೆಣ್ಣು.

ನಿಯಮದಲ್ಲಿ ಒಂದು ಸಾಲಿದೆ, ಒಣ ಭಾಷೆ,
ನಾನದನ್ನು ಪ್ರಾರ್ಥನೆಯ ಹಾಗೆ ಓದುತ್ತೇನೆ:
ಕಟ್ಟಿದ ಮೇಲೆ ಹರಿಯುವ ನೀರು
ಕಟ್ಟುವ ಮುಂಚೆ ಹರಿಯುತ್ತಿದ್ದುದಕ್ಕಿಂತ ಹೆಚ್ಚಿರಕೂಡದು.
ಅಂದರೆ, ಡಾಂಬರು ಹಾಸು, ಕಾರಿಗೆ ಕಾಂಕ್ರೀಟು ಹಾಸು,
ನೀನು ಬಂದದ್ದು ಕೆಳಗಿನ ಮನೆಗೆ ತಿಳಿಯಬಾರದು.
ಹುಲ್ಲು ಹಿಡಿಯುತ್ತಿದ್ದಷ್ಟು ನೀನು ಹಿಡಿ,
ಹುಲ್ಲು ಬಿಡುತ್ತಿದ್ದಷ್ಟೇ ನಿಧಾನ ಬಿಡು.

ಹಾಗಾಗಿ ಒಂದು ಹೊಂಡ. ಹೊಂಡಕ್ಕೊಂದು ಉಕ್ಕಿನ ತಟ್ಟೆ.
ತಟ್ಟೆಗೊಂದು ತೂತು, ಅರವತ್ತೈದು ಮಿಲಿಮೀಟರು.
ಅದೂ ಮೀರಿದರೆ, ಎಂದು ಪೆನ್ಸಿಲು ತೆಗೆದು
ಮೂರನೆಯ ನಿವೇಶನದಂಚಿಗೆ ಎಂಟು ಮೀಟರಿನ
ಹುಲ್ಲುಪಟ್ಟಿಯೊಂದನ್ನು ಗೀಚಿದೆ. ಅಲ್ಲಿಗೆ ಶುರು.
ಅವನು ಎತ್ತು, ಏರಿಗೆಳೆದ; ನಾನು ಕೋಣ, ನೀರಿಗೆಳೆದೆ;
ಹದಿನಾಲ್ಕು ತಿಂಗಳು ಜಗ್ಗಾಡಿದೆವು.
"ನೂರು ವರ್ಷಕ್ಕೊಮ್ಮೆ ಬರುವ ಮಳೆಗೆ
ಈ ವರ್ಷದ ನನ್ನ ಜಾಗ ಯಾಕೆ ಕೊಡಲಿ?"
ಒಳ್ಳೆಯ ಪ್ರಶ್ನೆ. ಉತ್ತರ ತೋಚದೆ ಷರಾ ಬರೆದೆ.

ಮಳೆ ಬಂತು ಫೆಬ್ರವರಿಯ ಕೊನೆಗೆ, ಬೇಸಗೆ ಮುಗಿಯುವ ಹೊತ್ತು.
ನೂರರದ್ದೇನಲ್ಲ, ಮೂವತ್ತರದ್ದಿರಬಹುದು,
ಲೆಕ್ಕಕ್ಕೆ ಸಿಗುವಂಥ ಮಳೆ.
ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಹೋದರೆ
ತೂತಿನ ಬಾಯಿಗೆ ಒಂದು ಟೆನಿಸ್ ಚೆಂಡು
ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು.

ಹನಿಗೂಡಿದರೆ ಹಳ್ಳ. ಅಷ್ಟನ್ನೇ ನಾವು
ಹದಿನಾರು ಪುಟ ಲೆಕ್ಕ ಹಾಕಿದ್ದೆವು.
ಚೆಂಡು ಯಾವ ಪುಟದಲ್ಲೂ ಇರಲಿಲ್ಲ.

ನೀರು ದಂಡೆಯೇರಿತು. ಒಂದು ಗಳಿಗೆ ನಿಂತಿತು.
ಆಮೇಲೆ ನಾನು ಗೀಚಿದ ಪಟ್ಟಿ ಹಿಡಿದು
ಬಾಡಿಗೆ ಕಟ್ಟಿದವರ ಹಾಗೆ ನಡೆಯಿತು,
ಹುಲ್ಲನ್ನು ಬಾಚುತ್ತ, ಯಾರ ಬಾಗಿಲನ್ನೂ ತಟ್ಟದೆ.

ಪ್ರಾಟ್ಲಿ ಆಗಲೇ ಅಲ್ಲಿದ್ದ,
ಪೈಜಾಮದ ಮೇಲೊಂದು ಮಳೆಯಂಗಿ, ಕೈಯಲ್ಲಿ ಕಸ ಗೋರುವ ಕೋಲು.
ಮಾತಿಲ್ಲ. ಬಗ್ಗಿ, ಕೋಲು ಚಾಚಿ, ಚೆಂಡನ್ನು ಎಬ್ಬಿದ.
ಗುಳುಕ್ಕೆಂದು ಹೊಂಡ ಉಸಿರು ಬಿಟ್ಟಿತು.
"ಜಾಲರಿ ಹಾಕಿಸೆಂದು ನೀನು ಬರೆದಿರಲಿಲ್ಲ," ಅಂದ.
ಬರೆದಿರಲಿಲ್ಲ.

ಬೆಳಿಗ್ಗೆ ಮೆರಿಯಾನಾಳ ಹಿತ್ತಿಲಿಗೆ ಹೋಗಿ
ರಾತ್ರಿ ಏನಾದರೂ, ಎಂದು ಶುರುಮಾಡಿದೆ.
"ಒಳ್ಳೇ ನಿದ್ದೆ," ಅಂದಳು,
ಬ್ರೆಡ್ಡು ಮುರಿಯುತ್ತ, ತೋಡಿನ ಕಡೆಗೇ ನೋಡುತ್ತ.

ನಿಯಮಾವಳಿಗೆ ಒಂದು ಸಾಲು ಸೇರಿಸಿದ್ದೇನೆ.
ಚೆಂಡು ನನ್ನ ಮೇಜಿನ ಮೇಲೆ ಒಣಗುತ್ತಿದೆ,
ಮೈತುಂಬ ಹಲ್ಲಿನ ಗುರುತು.
ನಾಯಿ ಯಾರದೆಂದು ಇನ್ನೂ ಗೊತ್ತಾಗಿಲ್ಲ.